ಎದೆಯೊಳಗಿನ ರಾಗಿ

ಬೇರೆಯವರ ಮನೆಯ ಕತೆಗಳಲ್ಲಿ ಮಗು ಹುಟ್ಟಿದ ಆರನೆಯ ದಿನ ವಿಧಿಯಮ್ಮ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆ. ಮುನಿವೆಂಕಟಮ್ಮನ ಕತೆಯಲ್ಲಿ ಹಾಗಲ್ಲ. ಮುನಿವೆಂಕಟಮ್ಮನಿಗೆ ಓದುಬರಹ ಬರುತ್ತಿರಲಿಲ್ಲ, ಹಾಗಾಗಿ ಅವಳ ದೇವತೆಗೂ ಬರುತ್ತಿರಲಿಲ್ಲ. ಆ ತಾಯಿಯ ಹೆಸರು ಅಳತೆಯಮ್ಮ. ಕಂಕುಳಲ್ಲಿ ಕೊಳಗ ಇರಿಸಿಕೊಂಡು ಬಾಣಂತಿ ಕೋಣೆಗೆ ಬರುತ್ತಾಳೆ. ಮಗುವಿನ ಎದೆಯನ್ನು ಚೀಲದ ಬಾಯಿಯಂತೆ ಮೆಲ್ಲಗೆ ಬಿಡಿಸಿ, ಅದರೊಳಕ್ಕೆ ರಾಗಿ ಅಳೆದು ಸುರಿಯುತ್ತಾಳೆ. ಕಣದಲ್ಲಿ ರಾಗಿ ಅಳೆಯುವವರಂತೆ ಅವಳೂ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾಳೆ. ಲಾಭ, ಎರಡು, ಮೂರು... ಯಾರಿಗೆ ಎಷ್ಟು ಅಂತ ಅವಳಿಗೊಬ್ಬಳಿಗೇ ಗೊತ್ತು. ಎದೆ ಒಂದು ಸಲ ಬಡಿದರೆ ಒಂದು ಕಾಳು ಬಿತ್ತು ಅಂತ ತಿಳಿಯಬೇಕು. ನಿದ್ದೆಯಲ್ಲೂ ಬೀಳುತ್ತದೆ, ಎಚ್ಚರದಲ್ಲೂ ಬೀಳುತ್ತದೆ. ಓಡಿದರೆ, ಹೆದರಿದರೆ, ಅತ್ತರೆ ಹಿಡಿಹಿಡಿಯಾಗಿ ಸೋರುತ್ತದೆ. ಕೊನೆಯ ಕಾಳು ಬಿದ್ದ ದಿನ ಅಳತೆಯಮ್ಮ ಖಾಲಿ ಕೊಳಗ ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಾಳೆ.

“ಅದುಕ್ಕೇ ಹೇಳೋದು ಕುಂತ್ಕೋ ಅಂತ” ಎಂದು ಮುನಿವೆಂಕಟಮ್ಮ ಕತೆ ಮುಗಿಸುತ್ತಿದ್ದಳು. ಮೊಮ್ಮಗಳು ಮುನಿರತ್ನ ಕುಳಿತಿರುತ್ತಿದ್ದಳು.

ಹನ್ನೆರಡು ವರ್ಷ ಅವಳು ಕುಳಿತೇ ಇದ್ದಳು. ನಂದಗುಡಿಯ ಆ ಮನೆಯ ಜಗಲಿಯ ಮೇಲೆ ಗೋಡೆಗೆ ತಾಗಿಸಿ ಇಟ್ಟ ಒಂದು ಮಣೆ ಅವಳದು. ಓಣಿಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಅವಳು ಅಲ್ಲಿಂದ ಬಿಲ್ಲೆ ಗೆರೆ ಮುಟ್ಟಿತೋ ಇಲ್ಲವೋ ಅಂತ ತೀರ್ಪು ಹೇಳುತ್ತಿದ್ದಳು. ನೀರಿಗೆ ಹೋಗುವಂತಿಲ್ಲ, ಹುಲ್ಲಿಗೆ ಹೋಗುವಂತಿಲ್ಲ, ಸೊಪ್ಪು ಕೀಳಲು ಕೂಡ ತೋಟಕ್ಕೆ ಇಳಿಯುವಂತಿಲ್ಲ. ತಟ್ಟೆ ಕುಳಿತಲ್ಲಿಗೇ ಬರುತ್ತಿತ್ತು. ಬಿಸಿ ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ಅಜ್ಜಿ ತುಪ್ಪ ತುಂಬಿಸುತ್ತಿದ್ದಳು. ಅರ್ಧ ಮೈಲಿ ದೂರದ ಕಾಲೇಜಿಗೆ ಅಪ್ಪ ಆವಲಪ್ಪ ಹಾಲಿನ ಕ್ಯಾನು ಇಳಿಸಿ ಬಂದು ಅದೇ ಟಿವಿಎಸ್ಸಿನಲ್ಲಿ ಅವಳನ್ನು ಕೂರಿಸಿಕೊಂಡು ಹೋಗುತ್ತಿದ್ದ.

ಇದಕ್ಕೆಲ್ಲ ಕಾರಣ ರವಿಚಂದ್ರ. ಮುನಿರತ್ನಳ ಅಣ್ಣ. ಅವಳಿಗೆ ನಾಲ್ಕು, ಅವನಿಗೆ ಹನ್ನೊಂದು. ಶಾಲೆಯ ಆಟೋಟದ ದಿನ ಓಟದ ಸ್ಪರ್ಧೆಯಲ್ಲಿ ಗುರಿಯ ಗೆರೆಗೆ ನಾಲ್ಕು ಮಾರು ಇರುವಾಗ ಮಕಾಡೆ ಬಿದ್ದ. ಎತ್ತಿದವರು ಕಾಲು ತೊಡರಿತು ಅಂದುಕೊಂಡರು. ಅವನು ಏಳಲಿಲ್ಲ. ಮುನಿರತ್ನಳಿಗೆ ನೆನಪಿರುವುದು ಇಷ್ಟೇ: ಜಗಲಿಯ ತುಂಬ ಚಪ್ಪಲಿಗಳು, ಅಣ್ಣನ ಮೊಣಕಾಲಿಗೆ ಅಂಟಿದ ಸುಣ್ಣದ ಪುಡಿ, ಮತ್ತು ಅಜ್ಜಿ ಅಳದೆ, ತನ್ನನ್ನು ಮಡಿಲಿಗೆ ಒತ್ತಿ ಹಿಡಿದು, “ನೀನು ಓಡ್ಬೇಡ, ನೀನು ಓಡ್ಬೇಡ” ಅನ್ನುತ್ತಲೇ ಇದ್ದದ್ದು. ಅಳತೆಯಮ್ಮನ ಕತೆ ಆ ಮನೆಯಲ್ಲಿ ಹುಟ್ಟಿದ್ದು ಅದರ ಮುಂದಿನ ವಾರ.

ಶಾಲೆಗೆ ಸೇರಿಸುವ ದಿನ ಅಜ್ಜಿಯೇ ಹೋಗಿ, “ಮಗೀಗೆ ಹಾರ್ಟು ವೀಕು ಸಾಮಿ, ಡ್ರಿಲ್ಲಿಗೆ ಬುಡಬ್ಯಾಡಿ” ಅಂದಿದ್ದಳು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಅಣ್ಣ ಸತ್ತ ಮನೆ, ಅದನ್ನು ಪ್ರಶ್ನಿಸುವುದು ಹೇಗೆ? ಆ ಒಂದು ಮಾತು ತರಗತಿಯಿಂದ ತರಗತಿಗೆ ದಾಟಿ ಪಿ.ಯು.ಸಿ.ವರೆಗೂ ಅವಳ ಹಿಂದೆಯೇ ಬಂತು.

* * *

ತೊಂಬತ್ತೆರಡನೇ ಇಸವಿಯ ಆಗಸ್ಟಿನಲ್ಲಿ ಜೀವಶಾಸ್ತ್ರದ ಉಮಾಶಂಕರ್ ಮೇಷ್ಟ್ರಿಗೆ ಒಂದು ಹುಕಿ ಬಂತು. ಹೊಸಕೋಟೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಎಲ್ಲರೂ ಜ್ವಾಲಾಮುಖಿ ಮಾಡಿ ಹೊಗೆ ಬಿಡುತ್ತಾರೆ, ನಾವು ನಮ್ಮ ಹೃದಯವನ್ನೇ ತಗೊಂಡು ಹೋಗೋಣ ಅಂದರು. ತರಗತಿಯ ಮೂವತ್ತೊಂದು ಜನರ ತೂಕ ಎಷ್ಟು, ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ ಎಷ್ಟು ಸಲ ಮಿಡಿಯುತ್ತದೆ, ಮೂರು ನಿಮಿಷ ಬೆಂಚು ಹತ್ತಿ ಇಳಿದ ಮೇಲೆ ಎಷ್ಟು, ಮತ್ತೆ ಮೊದಲಿನಂತಾಗಲು ಎಷ್ಟು ಹೊತ್ತು.

ಕಾಲೇಜಿನಲ್ಲಿ ತೂಕದ ಯಂತ್ರ ಇರಲಿಲ್ಲ. ಪಕ್ಕದ ಸೊಸೈಟಿಯ ಗೋಡೌನಿನಲ್ಲಿ ಗೊಬ್ಬರದ ಮೂಟೆ ತೂಗುವ ಕಬ್ಬಿಣದ ಹಲಗೆ ಇತ್ತು. ಹುಡುಗರು ಒಬ್ಬೊಬ್ಬರಾಗಿ ಅದರ ಮೇಲೆ ನಿಂತರು. ಹೋಟೆಲ್ಲಿನವರ ಮಗ ಗುರು ನಿಂತಾಗ ಮುಳ್ಳು ಎಪ್ಪತ್ತನಾಲ್ಕು ದಾಟಿ ಅಲ್ಲಾಡಿತು. ಅವನು ಕೈ ಮುಗಿದು, “ಎಲ್ಲಾ ನಮ್ಮಪ್ಪನ ವಡೆ ಪ್ರಸಾದ” ಅಂದ. ಎಲ್ಲ ನಕ್ಕರು, ಅವನೂ ನಕ್ಕ.

ಮುನಿರತ್ನ ನಿಂತಾಗ ಎಪ್ಪತ್ತಾರು.

“ಒಂದೂವರೆ ಮೂಟೆ ಯೂರಿಯಾ ಕಣ್ರೋ” ಅಂತ ಹಿಂದಿನಿಂದ ಒಂದು ದನಿ ಬಂತು. ಈ ಸಲವೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಹಾರ್ಟು ವೀಕು ಇರುವ ಹುಡುಗಿಯನ್ನು ನೋಡಿ ನಗಬಹುದೋ ಬಾರದೋ ಅಂತ ಅರ್ಧದಲ್ಲೇ ನಿಂತಿತು. ಆ ಅರ್ಧ ನಗುವೇ ಮುನಿರತ್ನಳಿಗೆ ಹೆಚ್ಚು ಚುಚ್ಚಿತು.

“ಮುಚ್ಕೊಂಡಿರ್ಲಾ, ನೀನೇನು ಮೂಟೆ ಹೊರೋಕೆ ಬಂದಿದ್ದೀಯಾ?” ಅಂದವಳು ಸಂಘಮಿತ್ರ. ಮೂರು ಮೈಲಿ ಆಚೆಯ ಹಳ್ಳಿಯಿಂದ ದಿನಾ ನಡೆದು ಬರುವ ಹುಡುಗಿ. ಬೆಳಗ್ಗೆ ಎದ್ದು ಎರಡು ಹೊರೆ ಹುಲ್ಲು ಹಾಕಿ ಬರುತ್ತಿದ್ದಳು. ಅವಳು ಹಲಗೆಯ ಮೇಲೆ ನಿಂತರೆ ನಲವತ್ತೆರಡು.

ನಾಡಿ ಹಿಡಿಯುವುದನ್ನು ಮೇಷ್ಟ್ರು ಕಲಿಸಿದರು. ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳಿಟ್ಟು ಮೆಲ್ಲಗೆ ಒತ್ತಬೇಕು.

“ಹೆಣ್ಮಕ್ಕಳಿಗೆ ಎಡಗೈ ಅಲ್ವಾ ಸಾರ್? ನಮ್ಮೂರ ಪಂಡಿತರು ಎಡಗೈನೇ ಹಿಡಿಯೋದು” ಅಂದ ಒಬ್ಬ ಹುಡುಗ.

“ಅವರು ಹಿಡೀಲಪ್ಪ. ನಾವು ಬರೀ ಎಣಿಸ್ತೀವಿ. ಯಾವ ಕೈ ಆದ್ರೂ ಒಳಗಿರೋ ಹೃದಯ ಒಂದೇ.”

ಮುನಿರತ್ನ ಸಂಘಮಿತ್ರಳ ಕೈ ಹಿಡಿದಳು. ಹುಲ್ಲು ಕೊಯ್ದ ಗೀರುಗಳ ಕೆಳಗೆ, ಒರಟು ಚರ್ಮದ ಅಡಿಯಲ್ಲಿ, ಏನೋ ಒಂದು ಎದ್ದು ಬಂದು ಬೆರಳನ್ನು ಮುಟ್ಟಿ ಹೋಯಿತು. ತನಗೆ ಅರಿವಿಲ್ಲದಂತೆಯೇ ಅವಳ ಬಾಯಿಂದ “ಲಾಭ” ಅಂತ ಜೋರಾಗಿ ಬಂತು.

ತರಗತಿ ಗೊಳ್ಳೆಂದಿತು. “ಕಣದಾಗೆ ರಾಗಿ ಅಳೀತಾವಳೆ ಸಾರ್!” ಅಂತ ಗುರು ಕೂಗಿದ.

“ನಮ್ಮ ಅಜ್ಜೀನೂ ಲಾಭ ಅಂತಲೇ ಶುರು ಮಾಡ್ತಿದ್ರು” ಅಂದರು ಮೇಷ್ಟ್ರು, ನಗದೆ. “ಲಾಭ ಅಂದ್ರೂ ಒಂದೇ, ಒಂದು ಅಂದ್ರೂ ಒಂದೇ. ಬಿಡ್ಬೇಡಮ್ಮ, ಎಣಿಸು.”

ಅರವತ್ತೆರಡು. ಮುನಿರತ್ನ ಎರಡು ಸಲ ಎಣಿಸಿದಳು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಸಿರೆಳೆದು ಬಿಡುವಷ್ಟು ಬಿಡುವು ಇತ್ತು. ಆಮೇಲೆ ಸಂಘಮಿತ್ರ ಇವಳ ಕೈ ಹಿಡಿದಳು. ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಸಂಘಮಿತ್ರಳ ತುಟಿಗಳು ಬಹಳ ಬೇಗ ಬೇಗ ಅಲ್ಲಾಡಿದವು.

“ತೊಂಬತ್ತೆಂಟು” ಅಂದಳು. ಆಮೇಲೆ ಮೆತ್ತಗೆ, “ಹೆದ್ರಿದ್ದೀಯಾ ಏನೇ?” ಅಂದಳು.

ಹೆದರಿರಲಿಲ್ಲ. ಆಗ ಹೆದರಿಕೆ ಶುರುವಾಯಿತು.

ಬೆಂಚು ಹತ್ತಿ ಇಳಿಯುವ ಪರೀಕ್ಷೆಗೆ ಅವಳನ್ನು ಯಾರೂ ಕರೆಯಲಿಲ್ಲ. ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ಅವಳ ಕೈಗೆ ಸೀಮೆಸುಣ್ಣ ಕೊಟ್ಟರು. ಒಬ್ಬೊಬ್ಬರು ಹತ್ತಿಳಿದು, ಏದುಸಿರು ಬಿಡುತ್ತ ಸಂಖ್ಯೆ ಕೂಗುತ್ತಿದ್ದರು, ಅವಳು ಕರಿಹಲಗೆಯ ಮೇಲೆ ಬರೆಯುತ್ತಿದ್ದಳು. ಗುರು: ಕೂತಾಗ ತೊಂಬತ್ತು, ಇಳಿದಾಗ ನೂರ ಐವತ್ತೆಂಟು, ಮೊದಲಿನಂತಾಗಲು ಏಳು ನಿಮಿಷ. ಸಂಘಮಿತ್ರ: ಅರವತ್ತೆರಡು, ನೂರ ಎಂಟು, ಎರಡು ನಿಮಿಷ. ಕಡ್ಡಿಯಂತಿದ್ದೂ ಸದಾ ಪುಸ್ತಕ ಹಿಡಿದು ಮೂಲೆ ಹಿಡಿಯುವ ಹುಡುಗನೊಬ್ಬನಿಗೆ ಕೂತಾಗಲೇ ಎಂಬತ್ತಾರು. ಅರವತ್ತೈದು ಕೆ.ಜಿ.ಯ ಕಬಡ್ಡಿ ಹುಡುಗಿ ಅನುಸೂಯಳಿಗೆ ಬರೀ ಎಪ್ಪತ್ತು. ಮುನಿರತ್ನಳ ಸಾಲಿನಲ್ಲಿ ತೊಂಬತ್ತೆಂಟು ಆದ ಮೇಲೆ ಎರಡು ಮನೆ ಖಾಲಿ.

ಮೂವತ್ತೊಂದು ಸಾಲುಗಳಲ್ಲಿ ಕೂತಾಗಿನ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು ಅವಳದೇ ಆಗಿತ್ತು. ಅದನ್ನು ಅವಳೇ ದುಂಡಗೆ ಬರೆದಿದ್ದಳು.

* * *

ಮಧ್ಯಾಹ್ನ ಎಲ್ಲ ಊಟಕ್ಕೆ ಹೋದಾಗ ಮುನಿರತ್ನ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಾಕಾರ ಮಾಡಿದಳು. ತೊಂಬತ್ತೆಂಟನ್ನು ಅರವತ್ತರಿಂದ, ಅದನ್ನು ಇಪ್ಪತ್ತನಾಲ್ಕರಿಂದ. ಒಂದು ಲಕ್ಷದ ನಲವತ್ತೊಂದು ಸಾವಿರದ ನೂರ ಇಪ್ಪತ್ತು. ಒಂದು ದಿನಕ್ಕೆ ಅವಳ ಎದೆಯಿಂದ ಬೀಳುವ ಕಾಳು.

ಸಂಘಮಿತ್ರಳದು ಹೆಚ್ಚಿರಬೇಕು ಅಂದುಕೊಂಡಳು. ಅವಳು ಆರು ಮೈಲಿ ನಡೆಯುತ್ತಾಳೆ, ಸೋರಿಸಿಕೊಳ್ಳುತ್ತಾಳೆ. ನಡೆಯುವ ಎರಡು ಗಂಟೆಗೆ ನಿಮಿಷಕ್ಕೆ ನೂರ ಇಪ್ಪತ್ತರಂತೆ ಹಿಡಿದಳು, ಉಳಿದ ಇಪ್ಪತ್ತೆರಡು ಗಂಟೆಗೆ ಅರವತ್ತೆರಡರಂತೆ. ಕೂಡಿದಳು. ತೊಂಬತ್ತಾರು ಸಾವಿರದ ಇನ್ನೂರ ನಲವತ್ತು. ತಪ್ಪಾಗಿರಬೇಕು ಅಂತ ಹೊಡೆದುಹಾಕಿ ಮತ್ತೆ ಮಾಡಿದಳು. ಮತ್ತೆ ಅಷ್ಟೇ ಬಂತು.

ಬಿಸಿಲಿನಲ್ಲಿ ಕಲ್ಲುಮುಳ್ಳು ತುಳಿದು ನಡೆದವಳಿಗಿಂತ, ಹುಲ್ಲು ಹೊತ್ತವಳಿಗಿಂತ, ಹನ್ನೆರಡು ವರ್ಷ ಮಣೆಯ ಮೇಲೆ ಅಲುಗದೆ ಕುಳಿತವಳ ಎದೆ ದಿನಕ್ಕೆ ನಲವತ್ತೈದು ಸಾವಿರ ಸಲ ಹೆಚ್ಚು ಬಡಿಯುತ್ತಿತ್ತು. ಕಾಯ್ದಿಟ್ಟದ್ದೇ ಸೋರುತ್ತಿತ್ತು. ಅಜ್ಜಿ ಅಂಗೈ ಅಡ್ಡ ಹಿಡಿದು ಕಾಯ್ದ ಆ ಚೀಲ ಬುಡದಲ್ಲೇ ತೂತಾಗಿತ್ತು.

ತನಗೂ ಅಣ್ಣನಂತೆ ಕೆಲವೇ ಕೊಳಗ ಅಳೆದಿದ್ದರೆ? ಮುನಿರತ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅದು ಇನ್ನೂ ಜೋರಾಯಿತು. ಜೋರಾಗಬೇಡ ಅಂದಷ್ಟೂ ಜೋರಾಯಿತು.

ಉಮಾಶಂಕರ್ ಮೇಷ್ಟ್ರು ಪ್ರಯೋಗಶಾಲೆಯ ಬಾಗಿಲಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಎದುರು ಬಂದು ನಿಂತ ಹುಡುಗಿಯ ಮುಖ ನೋಡಿ ಬುತ್ತಿಯ ಮುಚ್ಚಳ ಹಾಕಿದರು.

“ಸಾರ್, ನಾನು ಇನ್ನೆಷ್ಟು ವರ್ಷ ಇರ್ತೀನಿ?”

ಅವರು ಹಾಳೆ ಇಸಿದುಕೊಂಡು ನೋಡಿದರು. ಅಳತೆಯಮ್ಮನ ಕತೆಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೈದಾನದ ಅಂಚಿನ ಬೋರ್‌ವೆಲ್ಲಿನ ಕಡೆ ಕೈ ತೋರಿಸಿದರು. ಅಲ್ಲಿ ಸಂಘಮಿತ್ರ ಬಿಂದಿಗೆ ಇಟ್ಟು ಪಂಪು ಒತ್ತುತ್ತಿದ್ದಳು.

“ಆ ಬಿಂದಿಗೆ ತುಂಬೋಕೆ ಅವಳು ಹತ್ತು ಸಲ ಒತ್ತುತಾಳೆ, ಉದ್ದಕ್ಕೆ. ನೀನು ಒತ್ತಿದ್ರೆ?”

“ನಾನು ಒತ್ತಿಲ್ಲ ಸಾರ್ ಯಾವತ್ತೂ.”

“ಒತ್ತಿದ್ರೆ ಇಪ್ಪತ್ತು ಸಲ ಬೇಕಾಗುತ್ತೆ, ಗಿಡ್ಡ ಗಿಡ್ಡಕ್ಕೆ. ರೂಢಿ ಇಲ್ಲದ ಕೈ. ಹೃದಯಾನೂ ಒಂದು ಮಾಂಸಖಂಡ ಕಣಮ್ಮ. ದುಡಿಸಿದ್ರೆ ಗಟ್ಟಿಯಾಗುತ್ತೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳಿಸುತ್ತೆ, ಆಗ ಮೆಲ್ಲಗೆ ಬಡಿದ್ರೂ ಸಾಕು. ದುಡಿಸದೆ ಬರೀ ಮೈ ಬೆಳೆಸಿದ್ರೆ, ಅಷ್ಟು ಮೈಗೂ ಅದೇ ಪಾಪ ಓಡಾಡಿ ನೀರು ಹೊರಬೇಕು.” ಹಾಳೆ ವಾಪಸು ಕೊಡುತ್ತ ಹೇಳಿದರು: “ಬಡಿತಾನ ಯಾರೂ ಅಳೆದು ಹಾಕಿರಲ್ಲ. ಆದ್ರೆ ನಿನ್ನ ಲೆಕ್ಕ ಸರಿಯಾಗಿದೆ.”

“ಹಂಗಾದ್ರೆ ನಾಳೆಯಿಂದ ಓಡ್ಲಾ?”

“ಬೇಡ.” ಮೇಷ್ಟ್ರ ದನಿ ಗಡುಸಾಯಿತು. “ನಿಮ್ಮಣ್ಣ ಯಾಕೆ ಹೋದ ಅಂತ ನಂಗೆ ಗೊತ್ತಿಲ್ಲ. ಕೆಲವು ಕಾಯಿಲೆ ಒಂದೇ ಮನೇಲಿ ಇಬ್ಬರಿಗೆ ಇರಬಹುದು. ಮೊದಲು ಡಾಕ್ಟರ ಹತ್ರ ಹೋಗಿ ಬಾ. ಮನೆಯವರನ್ನ ಕರ್ಕೊಂಡು ಹೋಗು.”

* * *

ಮನೆಯಲ್ಲಿ ಮೊದಲು ಬೈದದ್ದು ತೂಕ ಹಾಕಿದ್ದಕ್ಕೆ.

“ಬೆಳೆದ ಹೆಣ್ಣುಮಗಳನ್ನ ಗೊಬ್ಬರದ ತಕ್ಕಡಿ ಮ್ಯಾಲೆ ನಿಲ್ಲಿಸವ್ನಾ? ಅವನ ಕಣ್ಣು ಇಂಗೋಗ!” ಎಂದು ಮುನಿವೆಂಕಟಮ್ಮ ಮೊರ ಕೆಳಗಿಟ್ಟು ಎದ್ದಳು. ಅರವತ್ತೆಂಟರ ಮುದುಕಿ ಕಡ್ಡಿಯಂತಿದ್ದಳು. ದಿನವಿಡೀ ಕಾಲಿಗೆ ಚಕ್ರ ಕಟ್ಟಿದವಳಂತೆ ಓಡಾಡುತ್ತಿದ್ದಳು. “ದೃಷ್ಟಿ ತೆಗೀತೀನಿ, ಕುಂತ್ಕೋ ಬಾ.”

“ಕುಂತಿದ್ದು ಸಾಕು ಅಜ್ಜಿ” ಅಂದಳು ಮುನಿರತ್ನ. ಆ ಮನೆಯಲ್ಲಿ ಅಂಥ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳಮ್ಮ ಪಾಪಕ್ಕ ಕೈ ನಿಲ್ಲಿಸಿದಳು.

ಮುನಿರತ್ನ ಲೆಕ್ಕ ಹೇಳಿದಳು. ಲಕ್ಷ, ಸಾವಿರ ಅಂದರೆ ಅಜ್ಜಿಗೆ ತಿಳಿಯದು ಅಂತ ರಾಗಿಯಲ್ಲೇ ಹೇಳಿದಳು. ಸಂಘಮಿತ್ರಳ ಎದೆಯಿಂದ ಎರಡು ಪಾವು ಸೋರಿದರೆ ನನ್ನ ಎದೆಯಿಂದ ಮೂರು ಪಾವು ಸೋರುತ್ತದೆ. ಅವಳು ನಡೆಯುತ್ತಾಳೆ, ನಾನು ಕೂತಿದ್ದೀನಿ. ನಾನೇ ಎಣಿಸಿದ್ದು, ನನ್ನ ಬೆರಳಲ್ಲೇ.

ಮುನಿವೆಂಕಟಮ್ಮನ ಮುಖದಲ್ಲಿ ಮೊದಲು ಸಿಟ್ಟಿತ್ತು. ಆಮೇಲೆ ಏನೂ ಇರಲಿಲ್ಲ.

“ಆಸ್ಪತ್ರೆಗೆ ಹೋಗಿ ಬಂದ್ಬುಡಾನ ಅವ್ವ” ಅಂದ ಆವಲಪ್ಪ, ಬಾಗಿಲಲ್ಲಿ ನಿಂತೇ. “ಇದ್ರೆ ಐತೆ ಅಂತ ಗೊತ್ತಾಗ್ಲಿ, ಇಲ್ದಿದ್ರೆ ಇಲ್ಲ ಅಂತ ಗೊತ್ತಾಗ್ಲಿ.”

“ಇದ್ರೆ?” ಅಂದಳು ಮುದುಕಿ. ಇಲ್ಲದಿದ್ದರೆ ಏನು ಅಂತ ಅವಳು ಕೇಳಲೇ ಇಲ್ಲ. ಅದನ್ನು ಕೇಳುವುದು ಅವಳಿಗೆ ಇನ್ನೂ ಕಷ್ಟ ಅಂತ ಮುನಿರತ್ನಳಿಗೆ ಆ ಕ್ಷಣದಲ್ಲೇ ಹೊಳೆಯಿತು. ಕಾಯಿಲೆ ಇದ್ದರೆ ಅಜ್ಜಿ ಹನ್ನೆರಡು ವರ್ಷ ಮೊಮ್ಮಗಳನ್ನು ಉಳಿಸಿಕೊಂಡಳು. ಇಲ್ಲದಿದ್ದರೆ ಹನ್ನೆರಡು ವರ್ಷ ಏನು ಮಾಡಿದ ಹಾಗಾಯಿತು?

ಹೊಸಕೋಟೆಯ ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಮೆ. ಮುನಿರತ್ನಳ ಎದೆಗೂ ಬೆನ್ನಿಗೂ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿ ಕೇಳಿದರು. ಮಲಗಿಸಿ ಕೇಳಿದರು, ಎದ್ದು ಕೂರಿಸಿ ಕೇಳಿದರು. ಅಜ್ಜಿ ಗೋಡೆಯ ಪಕ್ಕ ನಿಂತಿದ್ದಳು.

“ಸದ್ದು ಚೊಕ್ಕವಾಗಿದೆ” ಅಂದರು ಡಾಕ್ಟರಮ್ಮ. “ಅಣ್ಣನಿಗೆ ಏನಾಗಿತ್ತು?”

ಆವಲಪ್ಪ ಹೇಳಿದ: ಓಡ್ತಿದ್ದ, ಬಿದ್ದ, ಹೋದ.

“ಅದಕ್ಕೂ ಮುಂಚೆ ಯಾವಾಗಲಾದರೂ ಬಿದ್ದಿದ್ದನಾ? ತಲೆ ಸುತ್ತಿ?”

ಆವಲಪ್ಪ ಇಲ್ಲ ಅನ್ನುವಷ್ಟರಲ್ಲಿ ಗೋಡೆಯ ಪಕ್ಕದಿಂದ ಮುನಿವೆಂಕಟಮ್ಮ ಅಂದಳು, “ಬಿದ್ದಿದ್ದ. ಎರಡು ಸಲ.”

ಎಲ್ಲರೂ ಅವಳ ಕಡೆ ತಿರುಗಿದರು.

“ಒಂದು ಸಲ ಬಾವಿ ತಾವ. ಇನ್ನೊಂದು ಸಲ ಕಣದಾಗೆ. ಮಕ ಬೆಳ್ಳಗಾಗೋಗಿತ್ತು. ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗಾಕಿದೆ. ಘಾಟೇ ಬರ್ಲಿಲ್ಲ. ದೃಷ್ಟಿ ಇತ್ತು, ಓಯ್ತು ಅಂದ್ಕಂಡೆ. ಇವನಿಗೂ ಹೇಳ್ಲಿಲ್ಲ, ಸೊಸೆಗೂ ಹೇಳ್ಲಿಲ್ಲ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಮುಂದುವರಿಸಿದಳು. “ಆಟದ ದಿನ ಬೆಳಗ್ಗೆ, ‘ಎದೆ ಹಿಂಡ್ತದೆ ಅಜ್ಜಿ, ನಾ ಓಗಲ್ಲ’ ಅಂದ. ನಾನೇ ಬೈದೆ. ಗಂಡು ಹುಡುಗ ಆಗಿ ಹಂಗಂತೀಯಾ, ಓಡೋಗು, ಗೆದ್ದು ಲೋಟ ತಕ್ಕೊಂಡ್ ಬಾ ಅಂದೆ. ಬೆನ್ನು ತಟ್ಟಿ ಕಳಿಸ್ದೆ.”

ಆವಲಪ್ಪ ತಾಯಿಯ ಮುಖ ನೋಡಲಿಲ್ಲ. ಗೋಡೆಗೆ ಅಂಟಿಸಿದ್ದ ಪೋಲಿಯೋ ಚಿತ್ರದ ಮಗುವನ್ನು ನೋಡುತ್ತ ನಿಂತ.

“ನಾನವನನ್ನ ನೋಡಿಲ್ಲ, ಖಚಿತವಾಗಿ ಹೇಳೋಕಾಗಲ್ಲ” ಅಂದರು ಡಾಕ್ಟರಮ್ಮ ನಿಧಾನವಾಗಿ. “ಆದರೆ ನೀವು ಹೇಳೋದು ನೋಡಿದರೆ ಅವನ ಹೃದಯದ ಬಾಗಿಲೊಂದು ಹುಟ್ಟಿನಿಂದಲೇ ಕಿರಿದಾಗಿತ್ತು ಅನ್ಸುತ್ತೆ. ಗಟ್ಟಿಯಾಗಿರೋ ಹೃದಯಕ್ಕೆ ಓಟ ಒಳ್ಳೇದು. ಅಂಥ ಹೃದಯಕ್ಕೆ ಆಗಲ್ಲ. ಎರಡೂ ಒಂದೇ ಅಲ್ಲ, ಅಜ್ಜಿ. ಇವಳಿಗೆ ಆ ತೊಂದರೆ ಇದ್ದ ಹಾಗೆ ಕಾಣಲ್ಲ. ಆದ್ರೂ ಬೆಂಗಳೂರಿನಲ್ಲಿ ಒಂದು ಪರೀಕ್ಷೆ ಮಾಡ್ಸಿ.”

ಬಸ್ಸಿನಲ್ಲಿ ಮುನಿವೆಂಕಟಮ್ಮ ಮಗನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋಗಿ ಕೂತಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯ ದಿನ, ತಾನೂ ಬರುತ್ತೇನೆ ಅಂತ ಹಟ ಹಿಡಿದು ಬಂದವಳೂ ಅವಳೇ. ಪರದೆ ಎಳೆದ ಕೋಣೆಯಲ್ಲಿ ಮುನಿರತ್ನಳ ಎದೆಗೆ ತಣ್ಣನೆಯ ಲೋಳೆ ಹಚ್ಚಿ ಯಂತ್ರದ ಹಿಡಿಯೊಂದನ್ನು ಒತ್ತಿದರು. ಪಕ್ಕದ ಟಿ.ವಿ.ಯಂಥ ಪೆಟ್ಟಿಗೆಯಲ್ಲಿ ಬೂದುಬಣ್ಣದ ಏನೋ ಒಂದು ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡಿತು. ತೆಳುವಾದ ಎರಡು ಬಾಗಿಲುಗಳು ಬಡಿದುಕೊಳ್ಳುತ್ತಿದ್ದವು. “ಇದೇ ಕಣಮ್ಮ ನಿನ್ನ ಹೃದಯ” ಅಂದ ಹುಡುಗ ಡಾಕ್ಟರು. “ಬಾಗಿಲು ಚೆನ್ನಾಗಿ ತೆರ್ಕೊಳ್ತಿದೆ. ಏನೂ ದೋಷ ಇಲ್ಲ. ತೂಕ ಇಳಿಸ್ಬೇಕು, ನಡೀಬೇಕು, ಅಷ್ಟೆ.”

ಮುನಿವೆಂಕಟಮ್ಮ ಪೆಟ್ಟಿಗೆಯ ಹತ್ತಿರ ಹೋದಳು. ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಆ ಬೂದು ಬೆಳಕಿನಲ್ಲಿ ಬಹಳ ಹೊತ್ತು ಹುಡುಕಿದಳು. ಡಾಕ್ಟರು ಹಿಡಿಯನ್ನು ಒತ್ತಿಯೇ ಇದ್ದ.

“ಕಾಳು ಎಲ್ಲೂ ಇಲ್ಲ” ಅಂದಳು ಕೊನೆಗೆ.

“ಏನಜ್ಜಿ?”

“ಏನಿಲ್ಲ ಬುಡಪ್ಪ.”

* * *

ಅದಾದ ಮೇಲೆ ಮುನಿವೆಂಕಟಮ್ಮ ಕತೆ ಹೇಳುವುದನ್ನು ಬಿಟ್ಟಳು. ಮಾತೂ ಕಡಮೆಯಾಯಿತು. ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡುವುದು ನಿಂತಿತು. ತಟ್ಟೆ ತಂದಿಡುವುದೂ ನಿಂತಿತು. ಮುನಿರತ್ನಳೇ ಅಡುಗೆಮನೆಗೆ ಹೋಗಿ ಬಡಿಸಿಕೊಂಡು ಬಂದರೆ, ಅಜ್ಜಿ ತನ್ನ ತಟ್ಟೆಯಲ್ಲಿ ಮುದ್ದೆ ಮುರಿಯುತ್ತ ತಲೆ ತಗ್ಗಿಸಿಯೇ ಇರುತ್ತಿದ್ದಳು. ಆವಲಪ್ಪ ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಮುನಿರತ್ನಳಿಗೆ ಅನ್ನಿಸುತ್ತಿತ್ತು. ಪಾಪಕ್ಕ ಒಂದು ಸಂಜೆ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ, “ನಾನೂ ಆವತ್ತು ಅವನ ಅಂಗಿ ಒಗೆದು ಕೊಟ್ಟಿದ್ದೆ ಅತ್ತೆ, ಓಟಕ್ಕೆ ಅಂತ” ಅಂದಳು. ಅಷ್ಟೇ. ಮುದುಕಿ ಸೊಸೆಯ ಕೈಯನ್ನು ತಲೆಯ ಮೇಲೇ ಹಿಡಿದುಕೊಂಡು ಕೂತಳು.

ಮುನಿರತ್ನ ಹೆದರಿಕೊಂಡೇ ಇದ್ದಳು. ಡಾಕ್ಟರು ಹೇಳಿದ್ದು ಕಿವಿಗೆ ಹೋಗಿತ್ತು, ಕಾಲಿಗೆ ಹೋಗಿರಲಿಲ್ಲ. ದಿನಾ ಬೆಳಗ್ಗೆ ಎದ್ದು ಚಪ್ಪಲಿ ಮೆಟ್ಟಿ ಜಗಲಿ ಇಳಿದು ನಿಲ್ಲುತ್ತಿದ್ದಳು. ಓಣಿ ಉದ್ದಕ್ಕೆ ಮಲಗಿರುತ್ತಿತ್ತು. ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಮತ್ತೆ ಜಗಲಿ ಹತ್ತುತ್ತಿದ್ದಳು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅವಳು ಹಾಗೆ ನಿಂತಿರುವಾಗ ಮುನಿವೆಂಕಟಮ್ಮ ಒಳಗಿಂದ ಬಂದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಕಳೆ ತೆಗೆಯಲು ಹೋಗುವವಳ ಹಾಗೆ.

“ಕೆರೆ ಏರಿ ಗಂಟ ಓಗಾನ” ಅಂದಳು. ಮೊಮ್ಮಗಳ ಮುಖ ನೋಡದೆ ನಡೆಯಲು ಶುರು ಮಾಡಿದಳು.

ಓಣಿ ದಾಟಿದರು. ಡೇರಿಯ ಮುಂದೆ ಕ್ಯಾನು ಹಿಡಿದು ಸಾಲಾಗಿ ನಿಂತವರು ಮಾತು ನಿಲ್ಲಿಸಿ ನೋಡಿದರು. “ಏನಜ್ಜಿ, ಮೊಮ್ಮಗಳನ್ನ ಎಲ್ಲಿಗೆ ನಡೆಸ್ಕೊಂಡು ಹೊಂಟೆ? ಟಿವಿಎಸ್ ಕೆಟ್ಟೋಯ್ತಾ?” ಅಂತ ಗೋಪಾಲಪ್ಪ ಕೇಳಿದ. “ನಿನ್ನ ಹಾಲಿಗೆ ನೀರು ತರಕ್ಕೆ” ಅಂದಳು ಮುದುಕಿ, ನಿಲ್ಲದೆ. ಹಿಂದೆ ಎಲ್ಲ ನಕ್ಕರು. ಮುನಿರತ್ನಳಿಗೂ ನಗು ಬಂತು, ಆದರೆ ಉಸಿರು ಸಾಲಲಿಲ್ಲ.

ಏರಿಯ ಮೇಲೆ ಹತ್ತುವ ಓರೆಯಲ್ಲಿ ಅವಳ ಕಾಲು ಸೋತಿತು. ಕಿವಿಯಲ್ಲಿ ದಡದಡ. ಕತ್ತಿನಲ್ಲಿ, ಕಣ್ಣಿನ ಹಿಂದೆ, ಬೆರಳ ತುದಿಯಲ್ಲೆಲ್ಲ ಅದೇ ದಡದಡ. ಕಲ್ಲೊಂದರ ಮೇಲೆ ಕೂರಲು ಬಗ್ಗಿದಳು. ಈಗ ಅಜ್ಜಿ ತಿರುಗುತ್ತಾಳೆ, ಓಡಿ ಬರುತ್ತಾಳೆ, ಎದೆಯ ಮೇಲೆ ಅಂಗೈ ಇಡುತ್ತಾಳೆ. ಹನ್ನೆರಡು ವರ್ಷದಲ್ಲಿ ಆ ಕಣ್ಣು ತನ್ನ ಮೇಲಿಂದ ಒಂದು ಗಳಿಗೆಯೂ ಸರಿದಿರಲಿಲ್ಲ.

ಅಜ್ಜಿ ತಿರುಗಲಿಲ್ಲ.

ಓರೆಯ ತುದಿ ಮುಟ್ಟಿ, ಏರಿಯ ಮೇಲೆ ಬಲಕ್ಕೆ ತಿರುಗಿ, ಬರಿಗಾಲಲ್ಲಿ ಮುದುಕಿ ನಡೆದೇ ಹೋಗುತ್ತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮುನಿರತ್ನ ಅಜ್ಜಿಯ ಬೆನ್ನನ್ನು ಹೀಗೆ ದೂರದಿಂದ ಎಂದೂ ನೋಡಿರಲಿಲ್ಲ. ಎಷ್ಟು ಚಿಕ್ಕ ಬೆನ್ನು ಅದು. ರವಿಕೆಯೊಳಗೆ ಎರಡು ಮೂಳೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅದು ನಡಿಗೆಯ ಲಯವಲ್ಲ ಅಂತ ಅವಳಿಗೆ ತಿಳಿಯಿತು. ತಿರುಗಬಾರದು ಅಂತ ಮುದುಕಿ ಶಪಥ ಮಾಡಿದವಳಂತೆ ಕತ್ತನ್ನು ಗಟ್ಟಿಯಾಗಿ ಹಿಡಿದಿದ್ದಳು.

ಮುನಿರತ್ನ ಕೂರಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎರಡು ಉಸಿರು ತೆಗೆದುಕೊಂಡು ಓರೆ ಹತ್ತಿದಳು. ಎದೆ ಹೊಡೆದುಕೊಂಡಿತು, ಹೊಡೆದುಕೊಳ್ಳಲಿ ಅಂತ ಬಿಟ್ಟಳು. ಏರಿಯ ಮೇಲೆ ಗಾಳಿ ತಣ್ಣಗಿತ್ತು. ಅಜ್ಜಿ ದೂರ ದೂರ ಆಗುತ್ತಿದ್ದಳು. ಮುನಿರತ್ನ ಹೆಜ್ಜೆ ಬೀಸಿದಳು, ಸಾಲಲಿಲ್ಲ. ಹೇಗೆ ಶುರುವಾಯಿತೋ ತಿಳಿಯದು, ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಣ್ಣಿನ ಮೇಲೆ ಧಪ್ ಧಪ್ ಸದ್ದು ಮಾಡುತ್ತ, ಹದಿನೈದು ಇಪ್ಪತ್ತು ಹೆಜ್ಜೆ ಓಡಿದಳು. ಆ ಸದ್ದು ಕೇಳಿ ಮುದುಕಿಯ ಬೆನ್ನು ಬಿಗಿಯಿತು. ಆಗಲೂ ತಿರುಗಲಿಲ್ಲ. ಕಾಲು ಮಾತ್ರ ನಿಧಾನವಾದವು.

ಮುನಿರತ್ನ ಹೋಗಿ ಅಜ್ಜಿಯ ತೋಳು ಹಿಡಿದಳು. ಮಾತಾಡಲು ಉಸಿರಿರಲಿಲ್ಲ. ಮುನಿವೆಂಕಟಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೆರೆಯ ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು.

“ಚಪ್ಪಲಿ ಬುಟ್ಬುಟ್ಟು ನಡಿ ನಾಳೆಯಿಂದ. ಜಾರ್ತದೆ” ಅಂದಳು.

ಇಬ್ಬರೂ ತೂಬಿನ ಕಡೆ ನಡೆದರು.